ಪಾಸ್‌ವರ್ಡ್ ಪಾಪ, ಅದನ್ಯಾಕೆ ಬಯ್ತೀಯ?

ನೋಡು ಮಗಾ, ನೀನು ಚುರುಕು, ಅದರಲ್ಲಿ ಎರಡು ಮಾತಿಲ್ಲ. ತಾಳ್ಮೆ ಮಾತ್ರ ಪಾಂಡವಪುರದಲ್ಲೇ ಬಿಟ್ಟು ಬೆಂಗಳೂರು ಬಸ್ಸು ಹತ್ತಿದ್ದೀಯ. ಸರ್ವರ್‌ನಿಂದ ಇ-ಮೇಲ್ ಹೋಗಲಿಲ್ಲ ಅಂದರೆ ಸಾಕು, ಪಾಸ್‌ವರ್ಡ್ ಬದಲಾಯಿಸ್ತೀಯ, ಪೋರ್ಟ್ ಬದಲಾಯಿಸ್ತೀಯ, ಲೈಬ್ರರಿ ಕಿತ್ತು ಬೇರೆ ಹಾಕ್ತೀಯ. ಎಲ್ಲ ಒಂದೇ ಏಟಿಗೆ. ಅಕಸ್ಮಾತ್ ಮೇಲ್ ಹೋದರೂ ಯಾವುದರಿಂದ ಹೋಯಿತು ಅಂತ ನಿನಗೇ ತಿಳಿಯಲ್ಲ.

ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದವನು ನೀನು. ಗದ್ದೆಗೆ ನೀರು ಬರದಿದ್ದಾಗ ನಿಮ್ಮಪ್ಪ ಪೈರನ್ನ ಬಯ್ತಿದ್ದನಾ? ಗುದ್ದಲಿ ಹೆಗಲಿಗೇರಿಸಿ ಕಾಲುವೆಗುಂಟ ಮೇಲಕ್ಕೆ ನಡೀತಿದ್ದ. ಮೊದಲು ತನ್ನ ಬದು, ಆಮೇಲೆ ತೂಬು, ಅಲ್ಲೂ ಒಣಗಿದ್ದರೆ ನೀರುಗಂಟಿಯ ಮನೆ. ಕನ್ನಂಬಾಡಿ ಕಟ್ಟೆಯಲ್ಲಿ ನೀರಿದೆಯಾ ಅನ್ನೋದು ಕೊನೇ ಪ್ರಶ್ನೆ. ನೀನೂ ಹಾಗೇ ನಡಿ.

ಮೊದಲು ಎರರ್ ಸಾಲನ್ನ ಪೂರ್ತಿ ಓದು. ‘ಕನೆಕ್ಷನ್ ಟೈಮ್ಡ್ ಔಟ್’ ಅಂತಿದ್ದರೆ ಆ ಕಡೆಯಿಂದ ಜವಾಬೇ ಬಂದಿಲ್ಲ, ಪಾಸ್‌ವರ್ಡ್ ಕೇಳೋ ಹಂತಕ್ಕೇ ನೀನು ಹೋಗಿಲ್ಲ. ಮತ್ತೆ ಅದನ್ನ ಬದಲಾಯಿಸಿ ಏನು ಬಂತು? 535 ಅಂತ ಬಂದರೆ ಮಾತ್ರ ಯೂಸರ್‌ನೇಮ್, ಪಾಸ್‌ವರ್ಡ್ ಕಡೆ ನೋಡು.

ಟೈಮ್‌ಔಟ್ ಅಂದ ಕೂಡಲೇ ನಾನು ಕೇಳೋದು ಒಂದೇ: ಪೋರ್ಟ್ 25 ಹಾಕಿದ್ದೀಯಾ? ಅಮೆಜಾನ್‌ನ ಇಸಿ2 ಯಂತ್ರದಿಂದ ಹೊರಕ್ಕೆ ಆ ಪೋರ್ಟ್ ಮೊದಲಿಂದಲೇ ಬಂದ್. ಗೂಗಲ್ ಕ್ಲೌಡ್‌ನಲ್ಲೂ ಹಾಗೇ. ಎಲ್ಲಾ ಸ್ಪ್ಯಾಮ್ ಕಳಿಸೋ ಪುಣ್ಯಾತ್ಮರ ಕೃಪೆ. 1982ರಲ್ಲಿ ಮೇಲ್ ಸಾಗಿಸೋ ನಿಯಮ ಎಸ್‌ಎಂಟಿಪಿ ಬರೆದಾಗ ಇಂಥವರನ್ನ ಯಾರೂ ಎಣಿಸಿರಲಿಲ್ಲ. 1998ರಲ್ಲಿ ಮೇಲ್ ಸಲ್ಲಿಸೋಕೆ ಅಂತಲೇ 587 ಗೊತ್ತುಮಾಡಿದರು. ಅದನ್ನೇ ಹಾಕು. 465 ಕೂಡ ನಡೆಯುತ್ತೆ, ಆದರೆ ಅಲ್ಲಿ ಮೊದಲ ಅಕ್ಷರದಿಂದಲೇ ಟಿಎಲ್‌ಎಸ್ ಬೇಕು. 587ರಲ್ಲಿ ಸಾದಾ ಮಾತಲ್ಲಿ ಶುರುವಾಗಿ ಸ್ಟಾರ್ಟ್‌ಟಿಎಲ್‌ಎಸ್ ಅಂದಮೇಲೆ ಗುಟ್ಟಿನ ಮಾತು. 587ರ ಕ್ರಮ 465ಕ್ಕೆ ಹಾಕಿದರೆ ಸುಮ್ಮನೆ ನೇತಾಡಿಕೊಂಡು ಕೂರುತ್ತೆ, ನೀನು ನೆಟ್‌ವರ್ಕನ್ನ ಬಯ್ತೀಯ.

ಪರೀಕ್ಷೆ ಮಾಡೋದು ಸರ್ವರ್ ಒಳಗಿಂದಲೇ, ನಿನ್ನ ಲ್ಯಾಪ್‌ಟಾಪ್‌ನಿಂದಲ್ಲ. ನಿನ್ನ ಪಿಜಿಯ ವೈಫೈನಿಂದ ಹೋದರೆ ಸರ್ವರ್‌ನಿಂದಲೂ ಹೋಗುತ್ತೆ ಅಂತ ಯಾರು ಹೇಳಿದರು? ಟೆಲ್‌ನೆಟ್‌ನಲ್ಲಿ ಮೇಲ್ ಸರ್ವರ್‌ನ 587ಕ್ಕೆ ಹೋಗು. 220 ಅಂತ ಶುರುವಾಗೋ ಸಾಲು ಬಂದರೆ ದಾರಿ ಸರಾಗ. ಬರದಿದ್ದರೆ ಸೆಕ್ಯೂರಿಟಿ ಗ್ರೂಪ್‌ನ ಹೊರಹೋಗುವ ನಿಯಮ ನೋಡು. ನೆಟ್‌ವರ್ಕ್ ಎಸಿಎಲ್ ಕಟ್ಟಿದ್ದರೆ ಹಿಂದಕ್ಕೆ ಬರೋ ಉತ್ತರಕ್ಕೂ ಬೇರೆ ಅನುಮತಿ ಕೊಡಬೇಕು, ಬಹಳ ಹುಡುಗರು ಎಡವೋದು ಇಲ್ಲೇ. ಯಂತ್ರ ಪ್ರೈವೇಟ್ ಸಬ್‌ನೆಟ್‌ನಲ್ಲಿದ್ದರೆ ನ್ಯಾಟ್ ಗೇಟ್‌ವೇ ಇದೆಯಾ ಅಂತ ನೋಡು.

ಅಮೆಜಾನ್‌ನ ಮೇಲ್ ಸೇವೆ ಎಸ್‌ಇಎಸ್ ಬಳಸೋನಿಗೆ ಇನ್ನೊಂದು ಮಾತು. ಅದರ ಎಸ್‌ಎಂಟಿಪಿ ಪಾಸ್‌ವರ್ಡೇ ಬೇರೆ, ನಿನ್ನ ಸೀಕ್ರೆಟ್ ಕೀ ತಂದು ಅಂಟಿಸಿದರೆ ಆಗಲ್ಲ. ಮುಂಬೈ ರೀಜನ್‌ನಲ್ಲಿ ಮಾಡಿಸಿದ್ದು ಸಿಂಗಪುರದಲ್ಲಿ ನಡೆಯಲ್ಲ. ಹೊಸ ಖಾತೆ ಸ್ಯಾಂಡ್‌ಬಾಕ್ಸ್‌ನಲ್ಲಿರುತ್ತೆ: 24 ಗಂಟೆಗೆ 200 ಮೇಲ್, ಅದೂ ನೀನು ದೃಢೀಕರಿಸಿಕೊಂಡ ವಿಳಾಸಗಳಿಗೆ ಮಾತ್ರ. ‘ನನಗೆ ಬರುತ್ತೆ, ಗಿರಾಕಿಗೆ ಹೋಗಲ್ಲ’ ಅಂತ ತಲೆ ಚಚ್ಚಿಕೊಳ್ಳೋ ಬದಲು ಮಿತಿ ತೆಗೆಸಲು ಅರ್ಜಿ ಹಾಕು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಬದಲಾಯಿಸಿದ್ದನ್ನ ಬರೆದಿಡು. ಈಗ ಹೋಗಿ ಸರ್ವರ್‌ಗೆ ಲಾಗಿನ್ ಆಗು. ಬಂದ ಎರರ್ ಸಾಲನ್ನ ಒಂದಕ್ಷರ ಬಿಡದೆ ನನಗೆ ವಾಟ್ಸಾಪ್ ಮಾಡು, ಪಾಸ್‌ವರ್ಡ್ ಅಳಿಸಿ. ‘ಏನೇನೋ ಎರರ್ ಬರ್ತಿದೆ ತಾತ’ ಅಂದರೆ ಫೋನ್ ಇಟ್ಟುಬಿಡ್ತೀನಿ.