ಅಪ್ರೆಂಟಿಸ್ ಮುಗಿಸಿದವರಿಗೆ ಬಿಇ ದಾರಿ

ಐಟಿಐ ಓದಿ, ಅಪ್ರೆಂಟಿಸ್ ಮುಗಿಸಿದವರು ಎಂಜಿನಿಯರಿಂಗ್ ಸೇರಲು ಪಿಯುಸಿಗೆ ಹಿಂದಿರುಗಬೇಕಿಲ್ಲ. ಕರ್ನಾಟಕದಲ್ಲಿ ಅವರ ದಾರಿ ಪಾಲಿಟೆಕ್ನಿಕ್ ಮೂಲಕ ಸಾಗುತ್ತದೆ. ಎಸ್‌ಎಸ್‌ಎಲ್‌ಸಿ ನಂತರ ಐಟಿಐ 2 ವರ್ಷ, ಅಪ್ರೆಂಟಿಸ್ 1, ಡಿಪ್ಲೊಮಾ 2, ಬಿಇ 3: ಒಟ್ಟು 8. ಪಿಯುಸಿ ಮಾಡಿ ಹೋದವರಿಗೆ 6 ವರ್ಷ ಸಾಕು. ಹೆಚ್ಚುವರಿ ಎರಡರಲ್ಲಿ ಒಂದು ವರ್ಷವಂತೂ ಸ್ಟೈಪೆಂಡ್ ಕೈಗೆ ಬರುವ ವರ್ಷ.

ಮೊದಲ ಹೆಜ್ಜೆ, ಹಿಡಿದ ಅಪ್ರೆಂಟಿಸ್ ಅವಧಿಯನ್ನು ಪೂರೈಸುವುದು. ಅದು 1961ರ ಅಪ್ರೆಂಟಿಸ್ ಕಾಯ್ದೆಯಡಿಯ ಒಪ್ಪಂದ. ಅಭ್ಯರ್ಥಿಯ ತಪ್ಪಿನಿಂದ ಮುರಿದುಬಿದ್ದರೆ ತರಬೇತಿಯ ವೆಚ್ಚ ಕಟ್ಟಿಕೊಡಬೇಕಾದೀತು. ಅವಧಿ ಮುಗಿದು ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಆದರೆ ತರಬೇತಿ ಕೊಟ್ಟ ಸಂಸ್ಥೆ ಕೆಲಸವನ್ನೂ ಕೊಡಲೇಬೇಕೆಂದು ಕಾಯ್ದೆ ಕಡ್ಡಾಯ ಮಾಡಿಲ್ಲ. ಮುಂದಿನ ಓದಿನ ಯೋಚನೆ ಆ ವರ್ಷದಲ್ಲೇ ಶುರುವಾಗಬೇಕಾದದ್ದು ಅದಕ್ಕೇ.

ಎರಡನೆಯದು ಡಿಪ್ಲೊಮಾದ ಲ್ಯಾಟರಲ್ ಎಂಟ್ರಿ, ಅಂದರೆ ನೇರ ಮೂರನೇ ಸೆಮಿಸ್ಟರ್. ಇಲ್ಲಿ ಲೆಕ್ಕಕ್ಕೆ ಬರುವುದು ಅಪ್ರೆಂಟಿಸ್ ಅನುಭವವಲ್ಲ, ಎಸ್‌ಎಸ್‌ಎಲ್‌ಸಿ ನಂತರದ ಎರಡು ವರ್ಷದ ಐಟಿಐ. ಟ್ರೇಡಿಗೆ ಹೊಂದುವ ಶಾಖೆ ಆರಿಸಬೇಕು: ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಆದವರಿಗೆ ಮೆಕ್ಯಾನಿಕಲ್, ಎಲೆಕ್ಟ್ರಿಷಿಯನ್‌ಗೆ ಎಲೆಕ್ಟ್ರಿಕಲ್. ವೆಲ್ಡರ್, ಕಂಪ್ಯೂಟರ್ ಆಪರೇಟರ್ (ಕೋಪಾ) ಇಂಥ ಒಂದು ವರ್ಷದ ಟ್ರೇಡಿನವರು ಎಸ್‌ಎಸ್‌ಎಲ್‌ಸಿ ಅಂಕಗಳ ಮೇಲೆ ಮೊದಲ ವರ್ಷಕ್ಕೇ ಸೇರಬೇಕಾಗುತ್ತದೆ.

ಕಷ್ಟ ಎದುರಾಗುವುದು ಗಣಿತದಲ್ಲಿ. ಲೇತ್ ಮುಂದೆ ಮೈಕ್ರೋಮೀಟರ್ ಹಿಡಿದು ಪಳಗಿದ ಕೈಗೆ ಡಿಪ್ಲೊಮಾದ ಪ್ರಾಯೋಗಿಕ ತರಗತಿ ಹಗುರ. ಆದರೆ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರು ಮೊದಲ ವರ್ಷದ ಗಣಿತ ಪಾಠಗಳನ್ನೇ ಕೇಳಿರುವುದಿಲ್ಲ. ಮುಂದೆ ಬಿಇ ಸೇರಲು ಬರೆಯಬೇಕಾದ ಪ್ರವೇಶ ಪರೀಕ್ಷೆ ಡಿಸಿಇಟಿಯಲ್ಲಂತೂ ಗಣಿತ ಬಿಟ್ಟು ಗೆಲ್ಲುವಂತಿಲ್ಲ. ಮ್ಯಾಟ್ರಿಕ್ಸ್, ತ್ರಿಕೋನಮಿತಿ, ಕಲನಶಾಸ್ತ್ರದ ಮೊದಲ ಪಾಠಗಳನ್ನು ಅಪ್ರೆಂಟಿಸ್ ದಿನಗಳ ಸಂಜೆಗಳಲ್ಲೇ ಓದಿಕೊಂಡವರು ಈ ಅಂತರ ದಾಟಿಕೊಳ್ಳಬಲ್ಲರು.

ಡಿಪ್ಲೊಮಾ ಮುಗಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆಯಬೇಕು. ಡಿಪ್ಲೊಮಾದಲ್ಲಿ ಶೇ 45, ಮೀಸಲು ವರ್ಗದವರಿಗೆ ಶೇ 40 ಅಂಕ ಬೇಕು. ರ‍್ಯಾಂಕ್ ಪ್ರಕಾರ ಕೌನ್ಸೆಲಿಂಗ್‌ನಲ್ಲಿ ಬಿಇಯ ಮೂರನೇ ಸೆಮಿಸ್ಟರ್‌ಗೆ ಸೀಟು ಸಿಗುತ್ತದೆ. ಕಡತದಲ್ಲಿ ಐಟಿಐ, ಡಿಪ್ಲೊಮಾ ಅಂಕಪಟ್ಟಿಗಳ ಜೊತೆಗೆ ವ್ಯಾಸಂಗ, ಜಾತಿ, ಆದಾಯ ಪ್ರಮಾಣಪತ್ರಗಳು ಮೊದಲೇ ಸಿದ್ಧವಿರಲಿ. ಎಲ್ಲದರಲ್ಲೂ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇರಬೇಕು.

ಬಿಇ ಬೇಡ, ಕಲಿತ ಕಸುಬನ್ನೇ ಕಲಿಸುತ್ತೇನೆ ಎನ್ನುವವರಿಗೆ ಒಂದು ವರ್ಷದ ಕ್ರಾಫ್ಟ್ಸ್ ಇನ್‌ಸ್ಟ್ರಕ್ಟರ್ ತರಬೇತಿ ಇದೆ. ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ಅದು ನಡೆಯುತ್ತದೆ. ಪಾಲಿಟೆಕ್ನಿಕ್‌ನಲ್ಲಿ ಲೆಕ್ಕಕ್ಕೆ ಬಾರದ ಅಪ್ರೆಂಟಿಸ್ ಪ್ರಮಾಣಪತ್ರಕ್ಕೆ ಇಲ್ಲಿ ಬೆಲೆಯುಂಟು.