ಎರಡು ಗಣಕಭಾಷೆಗಳ ನಡುವಣ ಒಪ್ಪಂದ

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡವೆಂಬ ಊರಿನ ಹೆಸರನ್ನು ಆಂಡ್ರಾಯ್ಡ್ ಮೊಬೈಲಿನ ಪರದೆಯ ಮೇಲೆ ಓದುವವರಿಗೆ ಕಾಣುವುದು ಆರು ಅಕ್ಷರಗಳು: ಇ, ರ, ಕ, ಲ್ಲ, ಗ, ಡ. ಯಂತ್ರದ ಸ್ಮೃತಿಯಲ್ಲಾದರೋ ಇರುವುದು ಎಂಟು ಸಂಕೇತಗಳು. ‘ಲ್ಲ’ ಎಂಬುದು ಅಲ್ಲಿ ಒಂದು ಲಕಾರ, ಅದರ ಸ್ವರವನ್ನು ಕಳೆಯುವ ಚಿಹ್ನೆ, ಮತ್ತೊಂದು ಲಕಾರ, ಹೀಗೆ ಮೂರಾಗಿರುತ್ತದೆ. ಈ ಮೂರನ್ನು ಕೂಡಿಸಿ ಒತ್ತಕ್ಷರವನ್ನಾಗಿ ಮಾಡುವುದು ‘ಹಾರ್ಫ್‌ಬಜ್’ ಎಂಬ ತಂತ್ರಾಂಶ. ಇದನ್ನು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದಿದ್ದಾರೆ. ನಾವು ಓದುವ ಆಪ್ ಬಹುಮಟ್ಟಿಗೆ ಜಾವಾ ಅಥವಾ ಕಾಟ್ಲಿನ್ ಭಾಷೆಯದು. ಒಂದರ ಕೆಲಸವನ್ನು ಇನ್ನೊಂದು ಮಾಡಿಸಿಕೊಳ್ಳುವ ಬಗೆ ಹೇಗೆ?

ಗಣಕದ ಪ್ರೊಸೆಸರಿಗೆ ಸಿ ಆಗಲಿ ಜಾವಾ ಆಗಲಿ ತಿಳಿಯದು; ಅದು ಅರಿತಿರುವುದು ಸಂಖ್ಯಾರೂಪದ ಯಂತ್ರಭಾಷೆಯೊಂದನ್ನೇ. ಮನುಷ್ಯನು ಬರೆದುದನ್ನು ಆ ಭಾಷೆಗೆ ಪರಿವರ್ತಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಪರಿವರ್ತನೆಯಾದ ಮೇಲೆ ಮೂಲಭಾಷೆ ಯಾವುದಾಗಿದ್ದರೂ ಪ್ರೊಸೆಸರಿಗೆ ಒಂದೇ. ಆದುದರಿಂದ ಎರಡು ಭಾಷೆಗಳ ಭಾಗಗಳು ಒಂದೇ ಕ್ರಮವಿಧಿಯಲ್ಲಿ ಕೂಡಿ ಬಾಳಬಲ್ಲವು. ಆದರೆ ಅವುಗಳ ನಡುವೆ ನಾಲ್ಕು ವಿಷಯಗಳಲ್ಲಿ ಒಪ್ಪಂದವಿರಬೇಕು.

ಮೊದಲನೆಯದು ಹೆಸರು. ಸಿ ಪ್ಲಸ್ ಪ್ಲಸ್ ಕಂಪೈಲರು ಪ್ರತಿಯೊಂದು ಕಾರ್ಯದ ಹೆಸರಿಗೂ ಅದು ಪಡೆಯುವ ದತ್ತಾಂಶಗಳ ಗುರುತನ್ನು ಅಂಟಿಸಿ ಹೆಸರನ್ನು ಮಾರ್ಪಡಿಸುತ್ತದೆ. ಅನ್ಯಭಾಷೆಯವರು ಅದನ್ನು ಗುರುತಿಸುವುದು ಕಷ್ಟ. ಆದುದರಿಂದ ಹಾರ್ಫ್‌ಬಜ್ ತನ್ನ ಒಳಗೆಲಸವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ನಡೆಸಿದರೂ ಹೊರಬಾಗಿಲನ್ನು ಸರಳವಾದ ಸಿ ಭಾಷೆಯ ರೀತಿಯಲ್ಲಿಯೇ ಇರಿಸಿಕೊಂಡಿದೆ. ಜಾವಾ ಕಡೆಯಿಂದ ಇಂತಹ ಭಾಗಗಳನ್ನು ಕರೆಯುವ ಏರ್ಪಾಟಿಗೆ ಜೆಎನ್‌ಐ ಎಂದು ಹೆಸರು. ಅದು ೧೯೯೭ರಲ್ಲಿ ಜಾವಾ ೧.೧ರೊಡನೆ ಬಂದಿತು.

ಎರಡನೆಯದು ದತ್ತಾಂಶವನ್ನು ಇಡುವ ಸ್ಥಳ. ಮೊಬೈಲುಗಳಲ್ಲಿರುವ ೬೪ ಬಿಟ್ಟಿನ ಆರ್ಮ್ ಪ್ರೊಸೆಸರುಗಳಲ್ಲಿ ಮೊದಲ ಎಂಟು ಪೂರ್ಣಾಂಕಗಳನ್ನು ಅಥವಾ ವಿಳಾಸಗಳನ್ನು ಎಂಟು ಗೊತ್ತಾದ ರಿಜಿಸ್ಟರುಗಳಲ್ಲಿ ಇಡುವುದು ವಾಡಿಕೆ. ಉತ್ತರವನ್ನು ಅವುಗಳಲ್ಲಿ ಮೊದಲನೆಯದರಲ್ಲಿಯೇ ಪಡೆಯಬೇಕು. ಕೊಡುವವನು ಒಂದೆಡೆ ಇಟ್ಟು ಪಡೆಯುವವನು ಇನ್ನೊಂದೆಡೆ ಹುಡುಕಿದರೆ ಲೆಕ್ಕ ಕೆಡುತ್ತದೆ.

ಮೂರನೆಯದು ದತ್ತಾಂಶದ ರೂಪ. ಜಾವಾ ಭಾಷೆಯು ಪಠ್ಯವನ್ನು ಯುಟಿಎಫ್-೧೬ ಕ್ರಮದಲ್ಲಿ ಎಣಿಸುತ್ತದೆ. ಅಲ್ಲಿ ಒಂದು ಕನ್ನಡ ಸಂಕೇತಕ್ಕೆ ೨ ಬೈಟುಗಳು. ಇರಕಲ್ಲಗಡಕ್ಕೆ ಒಟ್ಟು ೧೬. ಸಿ ಭಾಷೆಯ ಭಾಗಗಳು ಹೆಚ್ಚಾಗಿ ಬಳಸುವ ಯುಟಿಎಫ್-೮ರಲ್ಲಿ ಪ್ರತಿ ಸಂಕೇತಕ್ಕೆ ೩ ಬೈಟುಗಳು, ಒಟ್ಟು ೨೪. ಸಿ ಭಾಗವು ಹೆಸರಿಗೆಂದು ೨೦ ಬೈಟುಗಳನ್ನು ಮಾತ್ರ ನಕಲು ಮಾಡಿತೆನ್ನೋಣ. ಹದಿನೆಂಟಕ್ಕೆ ‘ಇರಕಲ್ಲ’ ಮುಗಿಯುತ್ತದೆ, ‘ಗ’ಕಾರವು ನಡುವೆಯೇ ತುಂಡಾಗುತ್ತದೆ, ‘ಡ’ಕಾರವು ಬರುವುದೇ ಇಲ್ಲ. ಪಡಿತರ ಚೀಟಿಯಲ್ಲಿಯೋ ಪಹಣಿಯಲ್ಲಿಯೋ ಊರಿನ ಹೆಸರು ಹೀಗೆ ಕೆಟ್ಟರೆ, ಒಂದು ದಾಖಲೆ ಇನ್ನೊಂದಕ್ಕೆ ಹೊಂದದೆ ಕಚೇರಿಗೆ ಅಲೆಯಬೇಕಾದವನು ರೈತ, ತಂತ್ರಾಂಶ ಬರೆದವನಲ್ಲ.

ನಾಲ್ಕನೆಯದು ಸ್ಮೃತಿಯ ಒಡೆತನ. ಜಾವಾದಲ್ಲಿ ಬೇಡವಾದ ಸ್ಮೃತಿಯನ್ನು ಅದರ ವ್ಯವಸ್ಥೆಯೇ ತೆರವು ಮಾಡುತ್ತದೆ. ಸಿ ಭಾಷೆಯಲ್ಲಿ ಬರೆದವನೇ ತೆರವು ಮಾಡಬೇಕು. ನೆರೆಮನೆಯಿಂದ ಎರವಲು ತಂದ ಪಾತ್ರೆಯಂತೆ, ಆ ಕಡೆಯಿಂದ ಪಡೆದ ಪಠ್ಯವನ್ನು ಕೆಲಸ ಮುಗಿದೊಡನೆ ಹಿಂದಿರುಗಿಸತಕ್ಕದ್ದು. ಮರೆತರೆ ಸ್ಮೃತಿಯು ವೃಥಾ ತುಂಬುತ್ತ ಹೋಗುತ್ತದೆ. ಹಿಂದಿರುಗಿಸಿದ ಮೇಲೂ ಬಳಸಿದರೆ ಇಡೀ ಕ್ರಮವಿಧಿಯೇ ನಿಂತುಹೋಗಬಹುದು. ಜಾವಾದ ಕಾವಲು ಗಡಿಯಾಚೆಗೆ ನಡೆಯದು.

ಇಷ್ಟು ತೊಡಕಿದ್ದರೂ ಈ ಮಾರ್ಗವನ್ನು ಏಕೆ ಹಿಡಿಯಬೇಕು? ಕನ್ನಡದ ಒತ್ತಕ್ಷರಗಳ ನಿಯಮಗಳನ್ನು ಪ್ರತಿಯೊಂದು ಭಾಷೆಯಲ್ಲಿಯೂ ಹೊಸದಾಗಿ ಬರೆದರೆ ಒಂದೊಂದರಲ್ಲಿ ಒಂದೊಂದು ತಪ್ಪು ಉಳಿಯುತ್ತದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಇವೆಲ್ಲವೂ ಹಾರ್ಫ್‌ಬಜ್ಜನ್ನೇ ಬಳಸುತ್ತವೆ. ಅಲ್ಲಿ ತಿದ್ದಿದ ತಪ್ಪು ಹೊಸ ಆವೃತ್ತಿಯೊಡನೆ ಎಲ್ಲೆಡೆಗೂ ತಲಪುತ್ತದೆ.

ವಾಚಕರು ಕುಷ್ಟಗಿ ಎಂಬ ಹೆಸರನ್ನು ತಾವೇ ಎಣಿಸಿ ನೋಡಬಹುದು. ಕಣ್ಣಿಗೆ ೩ ಅಕ್ಷರಗಳು, ಸಂಕೇತಗಳು ೭, ಬೈಟುಗಳು ಒಂದು ಕ್ರಮದಲ್ಲಿ ೧೪, ಇನ್ನೊಂದರಲ್ಲಿ ೨೧. ಇವುಗಳಲ್ಲಿ ಯಾವ ಎಣಿಕೆಯನ್ನು ಹೇಳುತ್ತಿದ್ದೇವೆಂಬುದನ್ನು ಎರಡೂ ಕಡೆಯವರು ಮೊದಲೇ ಗೊತ್ತುಮಾಡಿಕೊಂಡರೆ ಮಾತ್ರ ಊರಿನ ಹೆಸರು ಗಡಿಯನ್ನು ಸುರಕ್ಷಿತವಾಗಿ ದಾಟುತ್ತದೆ.