ಫೋಮ್ ಗಾಡಿಗೆ ಯಾವ ಅಂಟು?

ನಿಮ್ಮ ಕ್ಯಾಂಪಿಂಗ್ ಗಾಡಿಯ ಹಾಳೆ ಕರಗಿದ್ದು ಫೋಮಿನ ತಪ್ಪಲ್ಲ, ನೀವು ಬಳಿದ ರೆಸಿನ್ನಿನದು. ನಿಮ್ಮ ಅಮೆರಿಕದ ಅಂಗಡಿಗಳಲ್ಲಿ ಸಿಗುವ ಗುಲಾಬಿ ಬಣ್ಣದ ಪಾಲಿಸ್ಟೈರೀನ್ ಫೋಮ್, ಅಂದರೆ ಎಕ್ಸ್‌ಪಿಎಸ್ ಹಾಳೆಯನ್ನು ಪಾಲಿಯೆಸ್ಟರ್ ರೆಸಿನ್, ಅಸಿಟೋನ್ ಎರಡೂ ತಿಂದುಹಾಕುತ್ತವೆ. ಅಲ್ಲಿನ ಹವ್ಯಾಸಿಗಳ ದಾರಿಯೇ ಒಳ್ಳೆಯದು: ಟೈಟ್‌ಬಾಂಡ್ 2 ಮರದಂಟು ಬಳಿದು, ಹಸಿಯಿರುವಾಗಲೇ ತೊಳೆಯದ ಕ್ಯಾನ್ವಾಸ್ ಬಟ್ಟೆ ಹಾಸಿ, ಸುಕ್ಕಿಲ್ಲದಂತೆ ಅಂಗೈಯಲ್ಲಿ ಒತ್ತಿ. ಒಣಗುತ್ತಾ ಬಟ್ಟೆ ಬಿಗಿಯುತ್ತದೆ, ನೋಡೋಕೇ ಚೆಂದ. ಮೇಲೆ ಹೊರಗೋಡೆಯ ಲೇಟೆಕ್ಸ್ ಬಣ್ಣ, ಎರಡು ಮೂರು ಕೈ.

4×8 ಅಡಿಯ, 2 ಅಂಗುಲ ದಪ್ಪದ ಹಾಳೆ ಮೂರ್ನಾಲ್ಕು ಕಿಲೋ ಅಷ್ಟೇ. ಹಾಗಾಗಿ ಗಾಡಿಯನ್ನು ನಿಮ್ಮ ಸಣ್ಣ ಕಾರು ಆರಾಮಾಗಿ ಎಳೆದೀತು. ಆದರೆ ಫೋಮ್ ಸ್ಕ್ರೂ ಹಿಡಿಯುವುದಿಲ್ಲ. ಬಾಗಿಲ ಕೀಲು, ಕಿಟಕಿ ಬರುವಲ್ಲಿ ಮೊದಲೇ ಮರದ ಪಟ್ಟಿ ಹುದುಗಿಸಿ.

ಒಳಗೆ ಸ್ಟೌ ಮಾತ್ರ ಬೇಡ. ಫೋಮ್ ಹೊತ್ತಿದರೆ ಹೊಗೆಯೇ ವಿಷ. ಮಲಗುವಾಗ ಎದುರುಬದುರು ಎರಡು ಗಾಳಿಕಿಂಡಿ ತೆರೆದಿರಲಿ. ಕಾಫಿ ಹೊರಗೆ ಕಾಯಿಸಿಕೊಳ್ಳಿ.